ಜೂನ್‌ವರೆಗೆ ಬಿಡುವಿಲ್ಲದ ಸೋದರಮಾವ

ಒಂದು ದೇಶ ಎಂದ ಮೇಲೆ ಅಲ್ಲಿನ ಕಾಲೇಜುಗಳೆಲ್ಲ ಒಟ್ಟಿಗೇ ಬಾಗಿಲು ತೆರೆದು ಒಟ್ಟಿಗೇ ಮುಚ್ಚುತ್ತವೆ ಎಂದು ನಾನು ನಂಬಿದ್ದೆ. ನಮ್ಮ ಕೆಂಪಾಪುರದಲ್ಲಿ ಬೇಸಿಗೆ ರಜೆ ಬಂತೆಂದರೆ ಬೀದಿಯ ಮಕ್ಕಳೆಲ್ಲ ಒಂದೇ ದಿನದಿಂದ ತಾರಸಿಯ ಹಪ್ಪಳ ತುಳಿಯಲು ಶುರುಮಾಡುತ್ತಾರೆ. ಹಾಗಾಗಿ ದೊಡ್ಡ ಮಗಳ ಮದುವೆ ಗೊತ್ತಾದಾಗ, ಅಮೆರಿಕದಲ್ಲಿ ಓದುತ್ತಿರುವ ನನ್ನ ತಮ್ಮ ಮಂಜುವಿನ ರಜೆ ಯಾವಾಗ ಎಂದು ಅವನನ್ನು ಕೇಳದೆ ಪಕ್ಕದ ಮನೆಯ ವಿಮಲಾ ಅವರನ್ನು ಕೇಳಿದೆ. ಅವರ ಅಕ್ಕನ ಮಗಳು ಓದುವುದೂ ಅಮೆರಿಕದಲ್ಲೇ. "ಮೇ ಮೊದಲ್ನೇ ವಾರ ಬಂದ್ಬಿಡ್ತಾಳೆ ಕಣ್ರೀ," ಎಂದರು. ಜೋಯಿಸರು ಎರಡನೆಯ ವಾರಕ್ಕೆ ಮುಹೂರ್ತ ಇಟ್ಟರು.

ಮಂಜು ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದವನು; ನಲವತ್ತು ಹತ್ತಿರವಾದಾಗ ಮತ್ತೆ ವಿದ್ಯಾರ್ಥಿಯಾಗುವ ಹುಕಿ ಬಂದು ಹೊರಟವನು. ಹುಡುಗಿಯನ್ನು ಹಸೆಮಣೆಗೆ ಕರೆತರಬೇಕಾದ ಸೋದರಮಾವ ಅವನೊಬ್ಬನೇ. ಫೋನಿನಲ್ಲಿ ದಿನಾಂಕವನ್ನೂ ವಿಮಲಾ ಅವರ ಅಕ್ಕನ ಮಗಳ ವಿಷಯವನ್ನೂ ಹೇಳಿದರೆ, ಆಗ ಬರಲಾಗುವುದಿಲ್ಲ ಎಂದುಬಿಟ್ಟ.

"ಅಕ್ಕ, ಆ ಹುಡುಗೀದು ಸೆಮಿಸ್ಟರ್. ವರ್ಷಕ್ಕೆರಡು, ಮೇಗೆ ಮುಗಿಯತ್ತೆ. ನಮ್ದು ಕ್ವಾರ್ಟರ್. ಹತ್ತತ್ತು ವಾರದ್ದು ಮೂರು. ಜೂನ್ ಮಧ್ಯದವರೆಗೂ ಪರೀಕ್ಷೆ."

"ಕ್ವಾರ್ಟರ್ ಅಂದ್ಮೇಲೆ ನಾಲ್ಕಿರ್ಬೇಕಲ್ವೇನೋ?"

"ನಾಲ್ಕನೇದು ಬೇಸಿಗೇದು. ಬೇಕಾದವ್ರು ಓದ್ತಾರೆ."

ಮದುವೆಯ ಚಿಂತೆ ಒಂದು ಕಡೆ, ಕುತೂಹಲ ಇನ್ನೊಂದು ಕಡೆ. ಕ್ರೆಡಿಟ್ ಎಂದರೇನೆಂದು ಕೇಳಿದೆ. ವಾರಕ್ಕೆ ಎಷ್ಟು ಗಂಟೆ ಪಾಠಕ್ಕೆ ಕೂರುತ್ತಾರೋ ಹೆಚ್ಚುಕಡಿಮೆ ಅಷ್ಟು ಕ್ರೆಡಿಟ್ಟಂತೆ. ಬೇಕಾದಷ್ಟು ಕೂಡಿದರೆ ಪದವಿಯಂತೆ. ಇವನ ಮೂರು ಕ್ರೆಡಿಟ್ಟು ಸೆಮಿಸ್ಟರಿನವರ ಲೆಕ್ಕದಲ್ಲಿ ಎರಡೇ ಅಂತೆ. ಪಾತ್ರೆ ತುಂಬ ಇದ್ದ ಸೊಪ್ಪು ಬೆಂದ ಮೇಲೆ ಇಳಿಯುವ ಹಾಗೆ ಎಂದುಕೊಂಡೆ.

"ಹಂಗಾದ್ರೆ ಈ ಸಲ ಒಂದೆರಡು ವಿಷಯ ಬಿಟ್ಟು ಬಾರೋ. ಆಮೇಲೆ ಕೂಡಿಸ್ಕೊಂಡ್ರಾಯ್ತು."

"ಟರ್ಮ್‌ಗೆ ಇಷ್ಟು ಅಂತ ಇರ್ಲೇಬೇಕಕ್ಕ. ಕಮ್ಮಿ ಆದ್ರೆ ವೀಸಾಗೇ ಕುತ್ತು."

ಪುಣ್ಯಕ್ಕೆ ಲಗ್ನಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ. ಜೋಯಿಸರ ಮನೆಗೆ ಓಡಿದೆ. ಈ ವರ್ಷ ಜ್ಯೇಷ್ಠ ಮಾಸ ಎರಡು ಬಂದಿದೆ, ಮೊದಲನೆಯದು ಅಧಿಕ ಮಾಸ, ಅದರಲ್ಲಿ ಮದುವೆ ಇಲ್ಲ. ಎರಡನೆಯದು ಜೂನ್ ಮಧ್ಯದ ಮೇಲೆ, ಅದರಲ್ಲಿ ಆಗಬಹುದು ಎಂದರು. ಬೀಗರು ಒಪ್ಪಿದರು, ಛತ್ರದವರೂ ಗೊಣಗುತ್ತ ಒಪ್ಪಿದರು. ಕುಣಿಯುತ್ತ ಮಂಜುವಿಗೆ ಫೋನ್ ಮಾಡಿದೆ.

"ಬರ್ತೀನಿ ಬಿಡು," ಎಂದ. "ಅದ್ಸರಿ, ಒಂದೇ ತಿಂಗಳು ಎರಡ್ಸಲ ಯಾಕಕ್ಕ?"

"ಬರತ್ತೆ ಕಣೋ ಹಂಗೆ. ಹಿರೀ ಮಗಳನ್ನ ಹಿರೀ ಮಗನಿಗೆ ಮಾತ್ರ ಜ್ಯೇಷ್ಠದಲ್ಲಿ ಕೊಡಬಾರ್ದು. ನಮ್ಮುಡುಗ ಎರಡನೇವ್ನು, ಬಚಾವು."

"ಅಂದ್ರೆ ಹುಡುಗಿ, ಹುಡುಗ, ಜ್ಯೇಷ್ಠ, ಮೂರು ಹಿರೀದು ಒಟ್ಟಿಗೆ ಸೇರಬಾರ್ದು, ಎರಡಾದ್ರೆ ಪರ್ವಾಗಿಲ್ಲ. ಅದ್ಯಾಕೆ?"

ಅವನನ್ನು ಹಿಂದಿನ ಸಲ ಅಷ್ಟು ಹೊತ್ತು ಯಾಕೆ, ಏನು ಎಂದು ಹಿಂಡಿದವಳು ನಾನು.

"ಹಾಲು ಉಕ್ತಾ ಇದೆ, ಇಡ್ತೀನಪ್ಪ," ಎಂದು ಫೋನ್ ಇಟ್ಟೆ.

ಹಾಲು ಫ್ರಿಜ್ಜಿನಲ್ಲಿತ್ತು.