ಇಬ್ಬರೇ ಕೂರುವ ಕಾರು

ಕೆಲವು ವಸ್ತುಗಳನ್ನು ನಾವು ಪ್ರೀತಿಸುವುದು ಅವು ಉಪಯೋಗಕ್ಕೆ ಬರುತ್ತವೆಂದಲ್ಲ. ಬರುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರಲ್ಲ, ಆ ಹಟಕ್ಕೆ. ನನ್ನ ಹಳೆಯ ಸ್ಪೋರ್ಟ್ಸ್ ಕಾರು ಅಂಥದ್ದು. ಅದು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಕಂಪ್ಲಿ ಪೇಟೆಯಲ್ಲಿ ಎದುರು ಬರುವ ಎಮ್ಮೆಯ ಮುಖವನ್ನು ತಲೆಯೆತ್ತಿ ನೋಡಬೇಕು. ಇರುವುದು ಎರಡೇ ಸೀಟು. ಒಳಗೆ ಕೂರುವುದೆಂದರೆ ಬೀಳುವುದು. ಇಳಿಯಬೇಕಾದರೆ ಹೊರಗಿನಿಂದ ಯಾರಾದರೂ ಕೈಹಿಡಿದು ಎಳೆಯಬೇಕು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳು ತೋಡಿಟ್ಟ ಗುಂಡಿಗಳಿಗೆ ಅದರ ತಳ ಉಜ್ಜಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತದೆ.

ನಮ್ಮದು ಅಕ್ಕಿ ಗಿರಣಿಯವರ ತುಂಬಿದ ಮನೆ. ತಮ್ಮ ಬಸಣ್ಣ ಗಿರಣಿ ನನಗೆ ಬಿಟ್ಟು ಅದಿರು ಸಾಗಿಸಲು ಲಾರಿ ಹಾಕಿದ. ಗಣಿ ಭರಾಟೆಯ ಆ ಕಾಲದಲ್ಲಿ ಲಾರಿ ಇದ್ದವನೇ ರಾಜ. ಒಂದು ದಿನ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿರುವ ಭಾರಿ ಎಸ್‌ಯುವಿ ತಂದು ಅಂಗಳದಲ್ಲಿ ನಿಲ್ಲಿಸಿದ. ಪಕ್ಕದಲ್ಲಿದ್ದ ನನ್ನ ಕಾರು ಅದು ಹಾಕಿದ ಮರಿಯ ಹಾಗೆ ಕಂಡಿತು. ಅವ್ವ ಸ್ಟೂಲು ತರಿಸಿ ಹತ್ತಿ ಕೂತು, ಅಟ್ಟದ ಮೇಲೆ ಕೂತಂತಾಯಿತೆಂದು ಹಿಗ್ಗಿದಳು.

"ಅಣ್ಣಾ, ಆ ಡಬ್ಬಿ ಮಾರಿಬಿಡು. ಇದು ಎಲ್ಲಾರ್ದೂ ಅಲ್ಲೇನು?" ಎಂದ ಬಸಣ್ಣ. ಅವನ ಮಾತಿನಲ್ಲಿ ಜಂಬವಿರಲಿಲ್ಲ, ಪ್ರೀತಿಯಿತ್ತು. ಹಾಗಾಗಿ ಜಗಳವಾಡಲೂ ಆಗಲಿಲ್ಲ. ಹೊಸಪೇಟೆಯ ಗ್ಯಾರೇಜಿನವನೊಬ್ಬ ಕೊಳ್ಳಲು ಸಿದ್ಧನಿದ್ದ. ಸೀರೆ ಮುದ್ದೆಯಾಗುತ್ತದೆ, ಮಂಡಿ ಹಿಡಿಯುತ್ತದೆ ಎಂದು ಆ ಕಾರನ್ನು ಬೈಯುತ್ತಲೇ ಬಂದ ನನ್ನ ಹೆಂಡತಿ ಗಿರಿಜೆಯನ್ನು ಕೇಳುವುದೇ ಬೇಡವಾಗಿತ್ತು. ಹೊಸ ಗಾಡಿಗೆ ಹಂಪಿಯಲ್ಲಿ ಪೂಜೆ ಮಾಡಿಸಿ ಬಂದ ಮೇಲೆ ಕೊಟ್ಟುಬಿಡುತ್ತೇನೆಂದು ಒಪ್ಪಿಕೊಂಡೆ. ಮನಸ್ಸು ಮಾತ್ರ ತುಂಬಾ ನೊಂದಿತ್ತು.

ನಮ್ಮ ಮನೆಯಲ್ಲಿ ಎಲ್ಲಿಗೇ ಹೊರಟರೂ ಕಂಡವರನ್ನೆಲ್ಲ ಬರುತ್ತೀರಾ ಎಂದು ಕೇಳಬೇಕು. ಕೇಳಿಸಿಕೊಂಡವರು ಇಲ್ಲ ಎನ್ನಬೇಕು. ದೊಡ್ಡ ಗಾಡಿ ಬಂದದ್ದೇ ತಡ, ಎಲ್ಲರೂ ಹ್ಞೂಂ ಅನ್ನತೊಡಗಿದರು. ಪೂಜೆಯ ದಿನ ಅವ್ವ, ಸೋದರತ್ತೆ, ಬಸಣ್ಣನ ಸಂಸಾರ, ಪಕ್ಕದ ಮನೆಯವರು, ಬುತ್ತಿಯ ಗಂಟು ಎಲ್ಲ ಹತ್ತಿದ ಮೇಲೂ ಗಿರಿಜೆಗೊಂದು ಜಾಗ ಉಳಿಸಿದ್ದರು. ಅವಳು ಅತ್ತ ಹೋಗಲೇ ಇಲ್ಲ. ಸೆರಗು ಸುತ್ತಿಕೊಂಡು, ಕೊನೆಯ ಸಲವೆಂದು ನಾನು ಹೊರಡಿಸಿದ್ದ ನನ್ನ ಕಾರಿನೊಳಗೆ ಬಿದ್ದಳು.

"ನಾ ಇದ್ರಾಗ ಬರ್ತೀನಿ. ಇದನ್ನ ಮಾರೂದು ಬ್ಯಾಡ್ರಿ."

ನನಗೆ ಕಣ್ಣು ತುಂಬಿ ಬಂತು. ಊರು ದಾಟಿದ ಮೇಲೆ, ಇದರ ಮೇಲೆ ಇಷ್ಟೊಂದು ಪ್ರೀತಿ ಯಾವಾಗ ಬಂತೆಂದು ಕೇಳಿದೆ.

"ಮನ್ಯಾಗ ನಿಮ್ಮ ಜೋಡಿ ಮಾತಾಡಾಕ ಜಾಗ ಎಲ್ಲೈತ್ರಿ? ಇದ್ರಾಗ ಮೂರನೇದವ್ರು ಹಿಡ್ಸಂಗಿಲ್ಲ."

ಮದುವೆಯಾದ ಹೊಸತು ನೆನಪಾಗಿ ನಾನು ಮೀಸೆಯ ಮೇಲೆ ಕೈಯಾಡಿಸಿದೆ. ಆಗ ಅವಳು ಶುರುಮಾಡಿದಳು. ತವರಿನ ಮದುವೆಯಲ್ಲಿ ನಾನು ಮಂಟಪದ ಎದುರೇ ಗೊರಕೆ ಹೊಡೆದದ್ದು, ಅವಳು ಮಾಡಿದ ಪಲ್ಯವನ್ನು ಅವ್ವನದೆಂದು ಹೊಗಳಿದ್ದು, ಅವ್ವನ ಮುಂದೆ ಆಡಲಾಗದೆ ನುಂಗಿಕೊಂಡದ್ದೆಲ್ಲ ಹೊರಬಂತು. ಹಂಪಿ ಬಜಾರ್ ಬಂದರೂ ಮುಗಿಯಲಿಲ್ಲ. ತಪ್ಪಿಸಿಕೊಳ್ಳೋಣವೆಂದರೆ ಒಬ್ಬನೇ ಆ ಸೀಟಿನಿಂದ ಏಳುವಂತಿಲ್ಲ. ಅವಳೇ ಹೇಗೋ ಬಾಗಿಲು ಹಿಡಿದು ಮೊದಲು ಇಳಿದು ನನ್ನ ಕಡೆಗೆ ಬಂದಳು.

ಕೈ ಕೊಡು ಎಂದೆ. ಕೊಟ್ಟಳು, ಎಳೆದು ನಿಲ್ಲಿಸಿದಳು. ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಾನೂ ಕೈ ಬಿಡಲಿಲ್ಲ.