ಕಾಲೇಜಿನ ಎರಡು ಹೊತ್ತಿನ ಹಾಲು

ಯಾರು ಏನು ಮಾರಲು ಬಂದರೂ ಕೊಂಡುಬಿಡುವುದು ನನ್ನ ಹುಟ್ಟುಗುಣ. ನನ್ನ ಹೆಂಡತಿ ಸುಜಾತ ಇದನ್ನು ಕಾಯಿಲೆ ಎನ್ನುತ್ತಾಳೆ, ನಾನು ದಾಕ್ಷಿಣ್ಯ ಎನ್ನುತ್ತೇನೆ. ಒಬ್ಬ ಮನುಷ್ಯ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಮ್ಮ ಬಾಗಿಲಲ್ಲಿ ನಿಂತು ನಕ್ಕರೆ, ಬೇಡಪ್ಪ ಹೋಗು ಎನ್ನಲು ನನಗೆ ನಾಲಿಗೆಯೇ ಏಳುವುದಿಲ್ಲ. ನಮ್ಮ ಮನೆಯ ಅಟ್ಟ ಹತ್ತಿದರೆ ಈ ಗುಣದ ಪೂರ್ತಿ ಚರಿತ್ರೆ ಸಿಗುತ್ತದೆ. ಮಾರಿದವನು ತೋರಿಸಿದ ದಿನ ಮಾತ್ರ ಅಲುಗಾಡಿದ ಕಾಲು ಒತ್ತುವ ಯಂತ್ರ, ಹದಿನಾರು ಬಗೆಯಲ್ಲಿ ತರಕಾರಿ ಹೆಚ್ಚಬಲ್ಲ ಒಂದು ಮಣೆ (ನಮಗೆ ಬರುವುದು ಒಂದೇ ಬಗೆ), ನಡುಬೇಸಿಗೆಯಲ್ಲಿ ಕೊಂಡ ಎರಡು ಕಂಬಳಿ, ಮಗಳು ಅಕ್ಷರ ಕಲಿಯುವ ಮೊದಲೇ ಅವಳ ಭವಿಷ್ಯಕ್ಕೆಂದು ಕೊಂಡ ಹನ್ನೆರಡು ಸಂಪುಟಗಳ ಇಂಗ್ಲಿಷ್ ವಿಶ್ವಕೋಶ. ಆ ಮಗಳು ಈಗ ಬಿ.ಕಾಂ. ಮುಗಿಸಿದ್ದಾಳೆ, ವಿಶ್ವಕೋಶದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿಲ್ಲ. ತಮಾಷೆಯೆಂದರೆ ನನ್ನ ನೌಕರಿ ತೂಕ ಮತ್ತು ಅಳತೆ ಇಲಾಖೆಯಲ್ಲಿ. ಬಂಗಾರಪೇಟೆಯ ಅಂಗಡಿಯವರು ತಮ್ಮ ತಕ್ಕಡಿ, ತೂಕದ ಬಟ್ಟು ತಂದು ಪರೀಕ್ಷೆ ಮಾಡಿಸಿ ಮುದ್ರೆ ಒತ್ತಿಸಿಕೊಂಡು ಹೋಗುವಾಗ ಪ್ರಮಾಣಪತ್ರ ಬರೆದುಕೊಡುವ ಗುಮಾಸ್ತ ನಾನು. ಜನರಿಗೆ ಮೋಸವಾಗದಂತೆ ನೋಡಿಕೊಳ್ಳುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿದೆ.

ಇಂಥ ನನ್ನ ಮಗಳು ಚೈತ್ರ ಒಂದು ದಿನ ಮುದ್ದೆ ಮುರಿಯುತ್ತ, ನಾನು ಎಂಬಿಎ ಮಾಡುತ್ತೇನೆ, ಅದೂ ಮಾರ್ಕೆಟಿಂಗ್‌ನಲ್ಲೇ ಮಾಡುತ್ತೇನೆ ಎಂದಾಗ ನನಗೆ ಸ್ವಂತ ಮಗಳೇ ಎದುರಾಳಿಗಳ ಕಡೆ ಸೇರಿದಂತಾಯಿತು. ಆದರೆ ಯೋಚಿಸಿದರೆ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಪಿಯುಸಿಯಿಂದಲೂ ಹಬ್ಬದ ದಿನಗಳಲ್ಲಿ ಅವಳು ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದಳು. ನಂದಿದುರ್ಗ ಗಣಿಯ ಕಾರ್ಮಿಕರ ಲೈನುಮನೆಗಳಿಂದ ಬಂದವರ ಜೊತೆ ತಮಿಳು, ಗಡಿಯಾಚೆಯಿಂದ ಬಂದವರ ಜೊತೆ ತೆಲುಗು, ಕ್ಯಾಸಂಬಳ್ಳಿ ಕಡೆಯವರ ಜೊತೆ ನಮ್ಮ ಕನ್ನಡ. ಒಂದೇ ಸೀರೆಯನ್ನು ಮೂರು ಭಾಷೆಯಲ್ಲಿ ಹೊಗಳುವ ಮಗಳನ್ನು ನಾನು ಒಮ್ಮೆ ರಸ್ತೆಯಾಚೆಯಿಂದ ನೋಡಿದ್ದೆ. ನೋಡುತ್ತಿದ್ದಂತೆ ನನಗೇ ಆ ಸೀರೆ ಕೊಳ್ಳಬೇಕೆನಿಸಿತ್ತು.

"ಒಂದೇ ಸಲ ಅಪ್ಪಾ," ಎಂದಳು ಚೈತ್ರ. "ಸರಿಯಿಲ್ಲದ ಕಡೆ ಸೇರಿಸಿಬಿಟ್ರೆ ಎರಡು ವರ್ಷ ಹೋಗುತ್ತೆ. ಆಮೇಲೆ ನೀವೆಲ್ಲ ಮದುವೆ ಅಂತ ಶುರು ಮಾಡ್ತೀರ. ನನಗಿರೋದು ಇದೊಂದೇ ಛಾನ್ಸು. ಇದನ್ನ ಮಾತ್ರ ಬಾಗಿಲಿಗೆ ಬಂದವರ ಹತ್ರ ತಗೋಬೇಡ."

ನಾನು ಮಾತು ಕೊಟ್ಟೆ, ಮತ್ತು ಮಾತಿಗೆ ತಪ್ಪಲಿಲ್ಲ. ಬಾಗಿಲಿಗೆ ಬಂದವರ ಹತ್ತಿರ ತೆಗೆದುಕೊಳ್ಳಲಿಲ್ಲ, ನಾನೇ ಹೋದೆ. ನಮ್ಮೂರಿನ ಮದುವೆ ಛತ್ರವೊಂದರಲ್ಲಿ ಶಿಕ್ಷಣ ಮೇಳ ನಡೆಯಿತು. ಅಲ್ಲಿ ಒಂದು ಮೇಜಿನ ಬಳಿ ಚಾಕೊಲೇಟು ಕೊಟ್ಟರೆಂದು ನನ್ನ ಫೋನ್ ನಂಬರು ಬರೆದುಕೊಟ್ಟೆ. ಮಾರನೆಯ ದಿನದಿಂದ ಶ್ರುತಿ ಎಂಬಾಕೆಯ ಫೋನು ಶುರುವಾಯಿತು. ಬೆಂಗಳೂರಿನ ಹೊರಗೆ, ನಮ್ಮ ರೈಲು ದಾರಿಗೆ ಹತ್ತಿರವಾಗಿರುವ ಒಂದು ಕಾಲೇಜಿನ ಪರವಾಗಿ ಮಾತಾಡುತ್ತಿದ್ದೇನೆ ಎನ್ನುತ್ತಿದ್ದಳು, ಆದರೆ ಕಾಲೇಜಿನ ಮಾತು ಬರುತ್ತಿದ್ದುದು ಕೊನೆಗೆ. ಮೊದಲು, ಊಟ ಆಯಿತಾ ಸರ್, ಬಿಪಿ ಹೇಗಿದೆ ಸರ್. ನನ್ನ ಮನೆಯಲ್ಲಿ ಮೂವರಿದ್ದೇವೆ, ಒಬ್ಬರೂ ನನ್ನ ಬಿಪಿ ವಿಚಾರಿಸಿದ್ದಿಲ್ಲ. ಮೂರನೆಯ ದಿನ ಮಂಡಿನೋವಿನ ವಿಷಯವನ್ನೂ ಹೇಳಿಕೊಂಡೆ. ಎಳ್ಳೆಣ್ಣೆ ಹಚ್ಚಿ ಸರ್ ಎಂದಳು.

ಆ ಭಾನುವಾರ ಕಾಲೇಜು ನೋಡಲು ಬಂಗಾರಪೇಟೆ ರೈಲ್ವೆ ನಿಲ್ದಾಣಕ್ಕೇ ವ್ಯಾನು ಬಂತು. ಸುಜಾತಳಿಗೆ ತಲೆನೋವು, ಚೈತ್ರ ಮತ್ತು ನಾನು ಹೋದೆವು. ಮೇಲಿಂದ ಕೆಳಗಿನವರೆಗೂ ಗಾಜಿನ ಕಟ್ಟಡ. ಇಳಿಯುತ್ತಿದ್ದಂತೆ ನನಗೆ ಶಾಲು ಹೊದಿಸಿ, ಕೈಗೊಂದು ಗಿಡ ಕೊಟ್ಟು ಫೋಟೋ ತೆಗೆದರು. ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿದ್ದೇನೆ, ಇಲಾಖೆ ನನಗೆ ಒಂದು ಕರವಸ್ತ್ರವನ್ನೂ ಹೊದಿಸಿಲ್ಲ. ಕೆಲಸ ಸಿಕ್ಕ ವಿದ್ಯಾರ್ಥಿಗಳ ಫೋಟೋಗಳಿದ್ದ ಗೋಡೆ, ತಣ್ಣನೆಯ ಸಭಾಂಗಣ, ಎರಡು ಬಗೆಯ ಸಿಹಿ ಇದ್ದ ಊಟ. ಈ ವಾರವೇ ಸೇರಿದರೆ ಫೀಸಿನಲ್ಲಿ ರಿಯಾಯಿತಿ ಎಂದರು. ಬರುವಾಗ ಚೈತ್ರ ಕಾಲೇಜಿನ ಕರಪತ್ರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಏನಾಯಿತೇ ಎಂದರೆ, "ತುಂಬ ಚೆನ್ನಾಗಿ ಮಾರ್ತಾರೆ ಅಪ್ಪ ಇವರು," ಎಂದಳು. ನನಗೆ ಆಗಲೇ ಒಂದು ಅದ್ಭುತವಾದ ವಾದ ಹೊಳೆಯಿತು. ತನ್ನನ್ನು ತಾನು ಇಷ್ಟು ಚೆನ್ನಾಗಿ ಮಾರಿಕೊಳ್ಳುವ ಕಾಲೇಜು ಮಾರುವುದನ್ನು ಕಲಿಸದೆ ಇರುತ್ತದೆಯೇ? ಈಜು ಬರುವವನ ಹತ್ತಿರ ತಾನೇ ಈಜು ಕಲಿಯಬೇಕು? ನಿಜ ಹೇಳುತ್ತೇನೆ, ಮಗಳನ್ನು ವಾದದಲ್ಲಿ ಸೋಲಿಸಿದ್ದು ಅದೇ ಮೊದಲು. ಬುಧವಾರವೇ ಹೋಗಿ ಸೇರಿಸಿ ಬರುವುದೆಂದು ತೀರ್ಮಾನಿಸಿ, ಗಿಡವನ್ನು ಕುಂಡದಲ್ಲಿ ನೆಟ್ಟೆ.

ಮಂಗಳವಾರ ಕ್ಯಾಸಂಬಳ್ಳಿಯ ಬಸ್ಸಿನಲ್ಲಿ ನನ್ನ ಅತ್ತೆ, ಸುಜಾತಳ ತಾಯಿ ನಾರಾಯಣಮ್ಮನವರು ಬಂದಿಳಿದರು. ಒಂದು ಕೈಯಲ್ಲಿ ರಾಗಿಹಿಟ್ಟಿನ ಚೀಲ, ಇನ್ನೊಂದರಲ್ಲಿ ತುಪ್ಪದ ಡಬ್ಬಿ. ಸುಜಾತಳೇ ಫೋನು ಮಾಡಿ ಕರೆಸಿದ್ದಳೆಂದು ಆಮೇಲೆ ತಿಳಿಯಿತು. ಅತ್ತೆ ಮೂರನೆಯ ಕ್ಲಾಸು ದಾಟಿದವರಲ್ಲ, ಆದರೆ ಅವರ ಕಡೆ ಹತ್ತು ಹಳ್ಳಿಯಲ್ಲಿ ಯಾರು ಹಸು ಕೊಳ್ಳುವುದಿದ್ದರೂ ಇವರನ್ನು ಕರೆದುಕೊಂಡು ಹೋಗುತ್ತಾರೆ. ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ನಡಿಗೆ ನೋಡಿ ಗುಣ ಹೇಳುತ್ತಾರೆ. ನಾನು ಶಾಲು ತೋರಿಸಿದೆ, ಫೋಟೋ ತೋರಿಸಿದೆ, ನನ್ನ ವಾದವನ್ನೂ ಹೇಳಿದೆ. ಅವರು ಶಾಲನ್ನು ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕಿಟ್ಟರು.

"ಕೊಂಬಿಗೆ ಬಣ್ಣ ಬಳ್ದೋನು ದಲ್ಲಾಳಿ, ಅಳಿಯಂದ್ರೇ. ಆಲು ಕೊಡೋದು ಅಸು. ಆ ಬಣ್ಣ ಬಳ್ದೋನೇ ನಮ್ ಪಾಪಂಗೆ ಪಾಠ ಏಳ್ತಾನಾ, ಅದನ್ನ ಕೇಳುದ್ರಾ?"

ಕೇಳಿರಲಿಲ್ಲ. ಅತ್ತೆ ವಿವರಿಸಿದರು. ಹಸು ಮಾರುವವರು ಬೆಳಿಗ್ಗೆ ಹಾಲು ಕರೆಯದೆ ಬಿಟ್ಟು, ಸಂಜೆ ತುಂಬಿದ ಕೆಚ್ಚಲು ತೋರಿಸುತ್ತಾರೆ. ಅದನ್ನು ನೋಡಿ ಬಾಯಿ ಬಿಟ್ಟವನು ಕೆಟ್ಟ. ಹೇಳದೆ ಕೇಳದೆ ಹೋಗಬೇಕು, ಎರಡು ಹೊತ್ತು ಅಲ್ಲೇ ಕೂತು ಕಣ್ಣೆದುರಿಗೆ ಕರೆಸಿ ನೋಡಬೇಕು. ಭಾನುವಾರ ನನಗೆ ತೋರಿಸಿದ್ದು ಬರೀ ಕೆಚ್ಚಲಂತೆ. ನಾಳೆ ತಾವೂ ಬರುವುದಾಗಿ ಹೇಳಿದರು. ಎಂಬಿಎ ಕಾಲೇಜಿಗೂ ಸೀಮೆಹಸುವಿಗೂ ಏನು ಸಂಬಂಧ ಎಂದು ನಾನು ಸುಜಾತಳ ಮುಖ ನೋಡಿದೆ. ಅವಳು ತುಪ್ಪ ಕಾಯಿಸುವುದಕ್ಕೆ ಒಳಗೆ ಹೋದಳು.

ಬುಧವಾರ ಬೆಳಗಿನ ರೈಲಿಗೆ ಹೊರಟೆವು. ಗಾಜಿನ ಕಾಲೇಜಿನ ಗೇಟಿನೊಳಕ್ಕೆ ಅತ್ತೆ ನಮ್ಮನ್ನು ಬಿಡಲೇ ಇಲ್ಲ. ಎದುರಿಗಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಟೀ ಅಂಗಡಿಯಾತ ಚಿತ್ತೂರು ಕಡೆಯವನು, ಅತ್ತೆಯ ತೆಲುಗು ಕೇಳಿ ಖುಷಿಯಾದ. ಹನ್ನೊಂದರವರೆಗೆ ಹುಡುಗರು ಒಳಗೆ ಹೋದರು, ಹನ್ನೆರಡೂವರೆಗೆ ಹೊರಗೆ ಬಂದರು, ಆಮೇಲೆ ಪಾಠಕ್ಕೆಂದು ಯಾರೂ ಒಳಗೆ ಹೋಗಲಿಲ್ಲ. ಹಿಂದುಗಡೆ ಒಂದು ಉದ್ದದ ಕೋಣೆಗೆ ಮಾತ್ರ ಕೆಲವರು ಹೋಗಿಬರುತ್ತಿದ್ದರು. ಸಂಜೆ ಹಾಲಿಲ್ಲ ಎಂದು ಅತ್ತೆ ಮೊಮ್ಮಗಳ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಚೈತ್ರಳ ವಯಸ್ಸಿನದೇ ಒಂದು ಹುಡುಗಿ ಕಿವಿಗೆ ಫೋನು ಹಿಡಿದುಕೊಂಡು ಟೀ ಕುಡಿಯಲು ಬಂದಳು. "ಊಟ ಆಯ್ತಾ ಸರ್? ಬಿಪಿ ಹೇಗಿದೆ ಸರ್?" ಅದೇ ದನಿ. ಅವಳು ವಿಚಾರಿಸುವುದು ನನ್ನೊಬ್ಬನ ಬಿಪಿ ಎಂದುಕೊಂಡಿದ್ದೆ. ಆ ಕಡೆಯವರಿಗೂ ಮಂಡಿನೋವಿತ್ತೆಂದು ಕಾಣುತ್ತದೆ, ಎಳ್ಳೆಣ್ಣೆ ಹೇಳಿದಳು. ಫೋನು ಇಟ್ಟ ಮೇಲೆ ಹತ್ತಿರ ಹೋಗಿ ಶ್ರುತಿ ಮೇಡಂ, ನಾನು ಕೆಜಿಎಫ್‌ನವನು ಎಂದೆ. ಅವಳು ಮೊದಲು ಬೆಚ್ಚಿದಳು, ಆಮೇಲೆ ಮುಖ ಅರಳಿಸಿ, ಸೇರಿಸೋಕೆ ಬಂದ್ರಾ ಅಂಕಲ್ ಎಂದಳು.

ಚೈತ್ರ ಅವಳಿಗೊಂದು ಟೀ ಹೇಳಿ ಪಕ್ಕದಲ್ಲಿ ಕೂರಿಸಿಕೊಂಡಳು. ಹತ್ತು ನಿಮಿಷದಲ್ಲಿ ಎಲ್ಲ ಹೊರಗೆ ಬಂತು. ಶ್ರುತಿ ಅದೇ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿನಿ, ಅವಳದೂ ಮಾರ್ಕೆಟಿಂಗೇ. ಪಾಠ ಮಾಡುತ್ತಿದ್ದ ಮೇಷ್ಟ್ರು ವರ್ಷದ ನಡುವೆ ಬಿಟ್ಟುಹೋದರು, ಬದಲಿಗೆ ಯಾರೂ ಬರಲಿಲ್ಲ. ಮಧ್ಯಾಹ್ನದ ಮೇಲೆ ಎಲ್ಲರೂ ಆ ಉದ್ದದ ಕೋಣೆಯಲ್ಲಿ ಕೂತು ತಂದೆತಾಯಿಗಳಿಗೆ ಫೋನು ಮಾಡಬೇಕು. ಅದಕ್ಕೆ ಪ್ರಾಯೋಗಿಕ ತರಬೇತಿ ಎಂದು ಹೆಸರು. ಹತ್ತು ಜನರನ್ನು ಸೇರಿಸಿದರೆ ಪೂರ್ತಿ ಅಂಕ. ಅವಳಿಗೆ ಒಂಬತ್ತಾಗಿತ್ತು, ನಾನು ಹತ್ತನೆಯವನು.

ಇಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಇಷ್ಟೆಲ್ಲ ಕೇಳಿದ ಮೇಲೂ ನನ್ನ ಕೈ ಜೇಬಿನಲ್ಲಿದ್ದ ಪೆನ್ನಿಗೆ ಹೋಯಿತು. ಪಾಪ, ಒಂದೇ ಒಂದು ಕಮ್ಮಿ! ಅಷ್ಟು ದಿನ ನನ್ನ ಮಂಡಿಯ ಯೋಗಕ್ಷೇಮ ನೋಡಿಕೊಂಡ ಹುಡುಗಿ. ಅತ್ತೆ ನನ್ನ ಮೊಣಕೈ ಹಿಡಿದರು.

"ಆ ಮಗೀನ್ ಮ್ಯಾಲೆ ಕನಿಕರ ಬಂದ್ರೆ ಇನ್ನೊಂದು ಟೀ ಕುಡ್ಸಿ ಅಳಿಯಂದ್ರೇ. ನಮ್ ಪಾಪನ್ನ ಕೊಡ್ಬ್ಯಾಡಿ."

ನಾನು ಪೆನ್ನು ಬಿಟ್ಟೆ. ಶ್ರುತಿ ಲೋಟ ಕೆಳಗಿಟ್ಟು ಆಚೀಚೆ ನೋಡಿ, ಚೈತ್ರಳಿಗೆ ಮಾತ್ರ ಕೇಳಿಸುವ ಹಾಗೆ, "ಇಲ್ಲಿ ಬೇಡ ಕಣೇ," ಎಂದಳು. ಹಾಗೆ ಹೇಳಿ ತನ್ನ ಹತ್ತನೆಯದನ್ನು ತಾನೇ ಕಳೆದುಕೊಂಡಳು. ಅವಳು ಗೇಟು ದಾಟುವವರೆಗೆ ಚೈತ್ರ ನೋಡುತ್ತಲೇ ಇದ್ದಳು.

ಗುರುವಾರ ಇನ್ನೊಂದು ರಜೆ ಹಾಕಿ, ಚೈತ್ರ ತಾನೇ ವಿಚಾರಿಸಿಕೊಂಡಿದ್ದ ಮತ್ತೊಂದು ಕಾಲೇಜಿಗೆ ಹೋದೆವು. ಹಳೆಯ ಹಳದಿ ಗೋಡೆಯ ಕಟ್ಟಡ. ಶಾಲು ಹಾಗಿರಲಿ, ಕುಡಿಯಲು ನೀರು ಕೇಳಿದ್ದಕ್ಕೆ ಕಾವಲುಗಾರ ನಲ್ಲಿ ತೋರಿಸಿದ. ಮಾರ್ಕೆಟಿಂಗ್ ಪಾಠ ಮಾಡುವ ಮೇಡಂ ಸೆರಗಿಗೆಲ್ಲ ಸೀಮೆಸುಣ್ಣದ ಪುಡಿ ಮಾಡಿಕೊಂಡು ಓಡಾಡುತ್ತಿದ್ದರು. ಈಗ ಕ್ಲಾಸಿದೆ, ಸಂಜೆ ಬನ್ನಿ ಎಂದು ಸಿಡುಕಿ ಒಳಗೆ ಹೋದರು. ಗಿರಾಕಿಯನ್ನು ಹೀಗೆ ಬೈದು ಕಳಿಸುವವರು ಮಾರ್ಕೆಟಿಂಗ್ ಏನು ಕಲಿಸಿಯಾರು ಎಂದು ನನಗೆ ಕೋಪವೇ ಬಂತು. ಅತ್ತೆ ಮಾತ್ರ ಕ್ಲಾಸಿನ ಕಿಟಕಿಯ ಕೆಳಗಿದ್ದ ಕಲ್ಲುಬೆಂಚಿನ ಮೇಲೆ ಕೂತು ಎಲೆಅಡಿಕೆ ಬಿಚ್ಚಿದರು. ಒಳಗೆ ಹುಡುಗರು ಹಿಂದಿನ ದಿನ ರೈಲ್ವೆ ನಿಲ್ದಾಣದಲ್ಲಿ ಊದುಬತ್ತಿ ಮಾರಿ ಬಂದದ್ದರ ವರದಿ ಒಪ್ಪಿಸುತ್ತಿದ್ದರು. ಒಬ್ಬ ಹುಡುಗ ತಾನು ಮಾರಿದ್ದರ ಲೆಕ್ಕ ಹೇಳುತ್ತಿದ್ದಂತೆ ಮೇಡಂ ತಡೆದರು.

"ಕೊಂಡವರ ಕಥೆ ಸಾಕು. ಕೊಳ್ಳದೆ ಹೋದವರು ಯಾರು? ಯಾಕೆ ಹೋದರು? ಒಬ್ಬರನ್ನಾದರೂ ನಿಲ್ಲಿಸಿ ಕೇಳಿದಿರಾ?"

ಕನ್ನಡ, ಇಂಗ್ಲಿಷು ಎರಡನ್ನೂ ಬೆರೆಸಿಕೊಂಡು ಇದೇ ಪ್ರಶ್ನೆಯ ಮೇಲೆ ಊಟದವರೆಗೂ ಪಾಠ ನಡೆಯಿತು. ಊಟವಾದ ಮೇಲೆ ಮತ್ತೆ ನಡೆಯಿತು. ಸಂಜೆ ಐದಕ್ಕೆ ಮೇಡಂ ಹೊರಗೆ ಬಂದಾಗಲೂ ನಾವು ಅಲ್ಲೇ ಇದ್ದೆವು. ಅವರು ನನ್ನ ಕಡೆ ನೋಡದೆ, ಮಾರ್ಕೆಟಿಂಗೇ ಯಾಕೆ ಬೇಕು ಎಂದು ಚೈತ್ರಳನ್ನು ಕೇಳಿದರು. ಇವಳು ಸೀರೆ ಅಂಗಡಿಯಲ್ಲಿ ನಂದಿದುರ್ಗದ ಹೆಂಗಸೊಬ್ಬರು ನಲವತ್ತು ಸೀರೆ ಬಿಡಿಸಿ ನೋಡಿ ಸುಮ್ಮನೆ ಎದ್ದುಹೋದದ್ದನ್ನು ಹೇಳಿದಳು. "ಅವರು ಯಾಕೆ ತಗೊಳ್ಳಲಿಲ್ಲ ಅಂತ ಇವತ್ತಿಗೂ ಗೊತ್ತಾಗಿಲ್ಲ ಮೇಡಂ. ಅದು ಗೊತ್ತಾಗಬೇಕು." ಮೇಡಂ ಆ ದಿನ ನಕ್ಕಿದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಎರಡೊತ್ತೂ ಕರೀತದೆ, ಕಟ್ಕಂಡು ಓಗಾಣ ಎಂದರು ಅತ್ತೆ. ಚೈತ್ರ ಅಲ್ಲಿಗೇ ಸೇರಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಮೇಡಂ ಕ್ಲಾಸಿಗೆ ಮೊದಲು ಕೊಟ್ಟ ಹೋಂವರ್ಕೇ, ಒಬ್ಬ ಗಿರಾಕಿಯನ್ನು ಹಿಡಿದು ಅವನು ಈವರೆಗೆ ಕೊಂಡದ್ದನ್ನೆಲ್ಲ, ಯಾಕೆ ಕೊಂಡ ಎಂಬುದನ್ನೂ ಸೇರಿಸಿ ಬರೆದು ತರುವುದು. ಚೈತ್ರ ಬಹಳ ದೂರ ಹುಡುಕಲಿಲ್ಲ. ಒಂದು ಭಾನುವಾರ ಅಟ್ಟ ಹತ್ತಿ ಒಂದೊಂದನ್ನೇ ಕೆಳಗಿಳಿಸಿ ಸಾಲಾಗಿ ಜೋಡಿಸಿ, ನೋಟ್‌ಬುಕ್ಕು ಹಿಡಿದು ನನ್ನೆದುರು ಕೂತಳು. ಅದು ಅವರೆಕಾಯಿ ಕಾಲ. ಮೂಟೆ ತಂದಿದ್ದ ಅತ್ತೆ ಹಜಾರದಲ್ಲಿ ಸುಜಾತಳ ಜೊತೆ ಕಾಯಿ ಸುಲಿಯುತ್ತಿದ್ದರು. ಕಂಬಳಿ ಯಾಕೆ ಕೊಂಡೆ? ಅವನಿಗೆ ಕೆಮ್ಮಿತ್ತು. ಯಂತ್ರ ಯಾಕೆ? ಅವನು ನನ್ನನ್ನು ಸಾಹೇಬ್ರೇ ಎಂದ. ಹೀಗೆ ಏಳು ಪುಟ ಆದವು. ನನಗೆ ರೋಸಿಹೋಯಿತು.

ಬರೀ ನಾನು ಕೊಂಡದ್ದನ್ನೇ ಬರೆಯುತ್ತೀಯಲ್ಲ, ನನ್ನನ್ನೂ ಒಬ್ಬರು ಮೆಚ್ಚಿ ಆರಿಸಿಕೊಂಡರು, ಅದನ್ನೂ ಬರಿ ಎಂದೆ. ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ನಾನು ಕೋಟು ಹಾಕಿದ್ದೆ, ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ, ನಿಮ್ಮಜ್ಜಿ ಒಂದೇ ನೋಟಕ್ಕೆ ಒಪ್ಪಿದರು, ಯಾವ ಎರಡು ಹೊತ್ತೂ ಬೇಕಾಗಲಿಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಅತ್ತೆ ತಲೆಯೆತ್ತದೆ, ಆ ಕೋಟು ನಿಮ್ಮದಲ್ಲ ಎಂದು ತೋಳಿನ ಉದ್ದ ನೋಡಿದರೇ ತಿಳಿಯುತ್ತಿತ್ತು ಎಂದರು. ತಾವು ಅದರ ಹಿಂದಿನ ಬುಧವಾರವೇ ಬಂಗಾರಪೇಟೆಗೆ ಬಂದು, ನನ್ನ ಕಚೇರಿಯ ಎದುರಿನ ಹೋಟೆಲಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿದ್ದರಂತೆ. ಇಪ್ಪತ್ತನಾಲ್ಕು ವರ್ಷದಿಂದ ನನಗೆ ಗೊತ್ತಿಲ್ಲದ ಸಂಗತಿ ಇದು. ಸುಜಾತಳಿಗೆ ಗೊತ್ತಿತ್ತೆಂದು ಅವಳು ಅವರೆಕಾಯಿ ನೋಡುತ್ತ ನಗು ತಡೆದುಕೊಂಡ ರೀತಿಯಲ್ಲೇ ತಿಳಿಯಿತು. ಏನು ಕಂಡಿರಿ ಅತ್ತೆ ಎಂದು ಕೇಳಿದೆ. ಕೇಳಬಾರದಿತ್ತು.

"ಬಾಚಣಿಗೆ ಮಾರೋನು, ಗಿಣಿಶಾಸ್ತ್ರದೋನು, ಊದ್‌ಬತ್ತಿಯೋನು, ಎಲ್ರೂ ನಿಮ್ಮತ್ರಾನೇ ಬತ್ತಿದ್ರು. ಒಬ್ಬನ್ನೂ ನೀವು ಬೈದು ಕಳುಸ್ನಿಲ್ಲ," ಎಂದರು ಅತ್ತೆ. "ಆಲು ಕಮ್ಮಿ, ಆದ್ರೆ ಒದೆಯಾಕಿಲ್ಲ ಅಂತ ಗೊತ್ತಾಯ್ತು. ನಮ್ ಸುಜಾತಂಗೆ ಅಷ್ಟು ಸಾಕು ಅನ್ಕಂಡೆ."

ಚೈತ್ರ ಅದನ್ನೂ ಬರೆದುಕೊಂಡಳು.