ಮಹಡಿ ಮನೆಯವರ ಕ್ಯಾಮೆರಾ, ಎದುರುಮನೆ ಟೀಚರಮ್ಮ

ನಮ್ಮ ಹಲಸೂರಿನ ಗಲ್ಲೀಲಿ ಟೀವಿ ಕೆಟ್ಟರೂ ಚಿಂತೆಯಿಲ್ಲ. ಬಾಗಿಲಲ್ಲಿ ಸೊಪ್ಪು ಬಿಡಿಸ್ತಾ ಕೂತ್ರೆ ಸಾಕು, ದಿನಕ್ಕೊಂದು ಕಥೆ ತಾನಾಗೇ ನಡ್ಕೊಂಡು ಬರುತ್ತೆ.

೧. ಸೆಲ್ ಇಲ್ಲದ ಸಾಮಾನು

ನಮ್ಮ ಮಹಡಿ ಮನೆಯವರು ರಿಟೈರಾದೋರು, ಹೆಂಡತಿ ಇಲ್ಲ. ಶಿವಾಜಿನಗರದ ಗುಜರಿಯಿಂದ ಒಂದು ಹಳೇ ರೀಲ್ ಕ್ಯಾಮೆರಾ ತಂದ್ರು. ಕೈಗೆ ತಗೊಂಡ್ರೆ ತಣ್ಣಗೆ, ಕುಟ್ಟಾಣಿ ಥರ ಭಾರ.

"ಸೆಲ್ ಎಲ್ಲಿ ಹಾಕ್ತೀರಿ?" ಅಂದೆ.

"ಸೆಲ್ಲೂ ಬೇಡ, ಕರೆಂಟೂ ಬೇಡಮ್ಮ. ಹೆಬ್ಬೆರಳಲ್ಲಿ ಒಂದ್ಸಲ ತಳ್ಳಿದ್ರೆ ಕೆಲಸ ಮಾಡುತ್ತೆ."

"ಪುಣ್ಯ ಮಾಡಿದ್ರಿ. ನಮ್ಮನೆಯವರನ್ನ ಮದುವೆಯಾದಾಗಿಂದ ತಳ್ತಿದೀನಿ, ಒಂದು ಲೋಟ ತೊಳೆದಿಲ್ಲ."

೨. ಎರಡಾದ ಟೀಚರಮ್ಮ

ಫೋಟೋ ಯಾರದು ಅಂತೀರಾ? ಎದುರುಮನೆ ಟೀಚರಮ್ಮಂದು! ಅವರಿಗೂ ಗಂಡ ಇಲ್ಲ. ನಾನು ಬಿಡ್ತೀನಾ? ಮಹಡಿಯವರನ್ನ ಕೆದಕಿ ಕೆದಕಿ ಕೇಳ್ದೆ. ಪಾಪ, ಕಿವಿ ಕೆಂಪಾಗೋಯ್ತು.

"ಸಾಯಂಕಾಲ ಕೆರೆ ಕಡೆ ವಾಕಿಂಗ್ ಬರ್ತೀರಾ ಅಂತ ಅವರನ್ನ ಕೇಳ್ಬೇಕು. ಬರಿಗೈಲಿ ಹೋಗಿ ಕೇಳೋಕೆ ಧೈರ್ಯ ಇಲ್ಲ. ಒಂದು ಒಳ್ಳೆ ಫೋಟೋ ಕೊಟ್ಟು ಕೇಳ್ತೀನಿ. ಯಾರಿಗೂ ಹೇಳ್ಬೇಡಿ."

ನಾನು ಯಾಕೆ ಹೇಳ್ಲಿ? ಹೂವಿನವಳಿಗೆ ಮಾತ್ರ ಹೇಳಿದೆ.

ಮಾರನೇ ದಿನ ಟೀಚರಮ್ಮ ಮಲ್ಲಿಗೆ ಕುಂಡದ ಪಕ್ಕ ನಿಂತ್ರು. ನಾನೂ ಕ್ಯಾಮೆರಾ ಕಿಂಡೀಲಿ ಇಣುಕಿದೆ.

"ಅಯ್ಯೋ, ಟೀಚರಮ್ಮ ಇಬ್ಬರಾಗವ್ರಲ್ರೀ!"

"ಹಂಗೇ ಕಾಣೋದು. ಈ ಉಂಗುರ ತಿರುಗಿಸ್ತಾ ಹೋದ್ರೆ ಎರಡೂ ಸೇರಿ ಒಂದಾಗುತ್ತೆ."

ಪುಣ್ಯಾತ್ಮರು ತಿರುಗಿಸಿದ್ರು, ತಿರುಗಿಸಿದ್ರು... ಅಷ್ಟರಲ್ಲಿ ಒಳಗೆ ಹಾಲು ಉಕ್ಕಿ ಟೀಚರಮ್ಮ ಓಡೋದ್ರು. ಇವರು ಇನ್ನೂ ಕಿಂಡೀಲೇ ಕಣ್ಣಿಟ್ಟು, "ಈಗ ಒಬ್ಬರೂ ಇಲ್ವಲ್ಲಮ್ಮ!" ಅಂತಾರೆ.

೩. ಖಾಲಿ ರೀಲು

ಹಿಂಗೇ ದಿನಾ ಬೆಳಿಗ್ಗೆ ಒಂದೊಂದು ಫೋಟೋ. ಟೀಚರಮ್ಮಂಗೆ ದಿನಾ ಇಸ್ತ್ರಿ ಸೀರೆ, ಮುಡಿ ತುಂಬ ಹೂವು. ಕಡೆಗೆ ರೀಲು ಮುಗೀತು, ತೊಳೆಯೋಕೆ ಕೊಟ್ರು. ಸ್ಟುಡಿಯೋದಿಂದ ಮುಖ ಸಣ್ಣಗೆ ಮಾಡ್ಕೊಂಡು ಬಂದ್ರು. ಒಂದು ಫೋಟೋನೂ ಬಂದಿಲ್ಲ! ಧೂಳಿಗೆ ಅಂತ ಮುಂದೆ ಹಾಕಿದ್ದ ಮುಚ್ಚಳ ಇವರು ತೆಗೆದೇ ಇಲ್ಲ. ಈ ಕ್ಯಾಮೆರಾದಲ್ಲಿ ನೋಡೋ ಕಿಂಡಿ ಬೇರೆ, ಫೋಟೋ ಬೀಳೋ ಗಾಜು ಬೇರೆಯಂತೆ. ಮುಚ್ಚಳ ಇದ್ರೂ ಇವರಿಗೆ ಎಲ್ಲಾ ಚೆನ್ನಾಗೇ ಕಾಣ್ತಿತ್ತು.

ತಪ್ಪೊಪ್ಪಿಕೊಳ್ಳೋಕೆ ಬರಿಗೈಲೇ ಎದುರುಮನೆಗೆ ಹೋದ್ರು. ಹೆಪ್ಪಿಗೆ ಮೊಸರು ಕೇಳೋಳ ಥರ ನಾನೂ ಹಿಂದೇನೇ ಹೋದೆ. ಇವರು ತಲೆ ತಗ್ಗಿಸಿ ಎಲ್ಲಾ ಹೇಳಿದ್ರು. ಟೀಚರಮ್ಮ ತುಟಿ ಕಚ್ಕೊಂಡು ನಗ್ತಾ ಇದಾರೆ! ನಂಗೆ ತಡೀಲಿಲ್ಲ.

"ಅಲ್ಲಾ ಟೀಚರಮ್ಮ, ಎದುರಿಗೆ ನಿಂತಿದ್ದೋರು ನೀವು. ಮುಚ್ಚಳ ನಿಮಗಾದ್ರೂ ಕಾಣ್ಲಿಲ್ವಾ?"

"ಮೊದಲನೇ ದಿನಾನೇ ಕಾಣ್ತು."

"ಮತ್ತೆ ಬಾಯಿ ಬಿಡೋದಲ್ವಾ?"

ಟೀಚರಮ್ಮ ನನ್ನ ಕಡೆ ನೋಡ್ಲೇ ಇಲ್ಲ, ಅವರನ್ನೇ ನೋಡಿದ್ರು.

"ತೆಗೀರಿ ಅಂದಿದ್ರೆ ಈ ರೀಲಲ್ಲೇ ಫೋಟೋ ಬಂದು ಮುಗಿದೋಗ್ತಿತ್ತಲ್ಲ ಸಾರ್. ನಾಳೆಯಿಂದ ಏನಂತ ಬರ್ತಿದ್ರಿ?"